ತಲೆಯಲ್ಲಿ ಹುಳ

ಅಕ್ಕನ ಬಲಗಿವಿಯ ಹಿಂದೆ, ಕೂದಲು ಶುರುವಾಗುವಲ್ಲಿಂದ ಎರಡು ಬೆರಳು ಮೇಲೆ, ಉದ್ದಿನ ಕಾಳಿನಷ್ಟು ಒಂದು ಕಪ್ಪು ಹಕ್ಕಳೆ ಇತ್ತು. ಸುತ್ತಲಿನ ಚರ್ಮ ಕೆಂಪಗೆ ಬಾತಿತ್ತು. ರಾಯಚೂರಿನ ಆಸ್ಪತ್ರೆಯಲ್ಲಿ ನರ್ಸ್ ಕೂದಲು ಸರಿಸಿ ತೋರಿಸಿದಾಗ ಡಾಕ್ಟರು ಬಗ್ಗಿ ನೋಡಿ, "ಮನ್ಯಾಗ ದನ ಅದಾವೇನ್ರಿ?" ಎಂದು ಕೇಳಿದರು.

"ಒಂದು ಎಮ್ಮಿ, ಒಂದು ಕರ ಅದಾವ್ರಿ," ಎಂದರು ಅಕ್ಕನ ಗಂಡ.

"ಇದು ಉಣ್ಣಿ ಕಡದು ಬಂದ ಜ್ವರ ಇದ್ದಂಗದ. ಹುಳ ಕಚ್ಚಿದ್ದು ಇವರು ಯಾರಿಗೂ ಹೇಳಿದ್ದಿಲ್ಲೇನು?"

ಭಾವ ಇಲ್ಲವೆಂದು ತಲೆಯಾಡಿಸಿದರು. ನಾನು ಮಂಚದ ಕಂಬಿ ಹಿಡಿದು ನಿಂತಿದ್ದೆ. ಅಕ್ಕ ಹೇಳಿದ್ದಳು. ನನಗೊಬ್ಬಳಿಗೇ ಹೇಳಿದ್ದಳು.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಮದುವೆಯಾಗಿ ದೇವದುರ್ಗಕ್ಕೆ ಹೋದ ಮೇಲೆ ಮನೆಯಲ್ಲೇ ಹೊಲಿಗೆ ಹಾಕಿಕೊಂಡಿದ್ದಳು. ನಾನು ರಾಯಚೂರಿನಲ್ಲಿ ಒಂದು ಕೋಣೆ ಹಿಡಿದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪಾಠ ಮಾಡುತ್ತೇನೆ. ಜ್ವರ ಬರುವ ಒಂದು ವಾರದ ಮುಂಚೆ ಅವಳು ಫೋನ್ ಮಾಡಿದ್ದಳು. ನನ್ನ ಮುಂದೆ ತಿದ್ದಬೇಕಾದ ಉತ್ತರಪತ್ರಿಕೆಗಳಿದ್ದವು.

"ಲೇ, ನನ್ನ ತಲ್ಯಾಗ ಹುಳ ಹೊಕ್ಕದ ನೋಡು," ಎಂದಳು.

"ಮಂದಿ ತಲ್ಯಾಗ ಹುಳ ಬಿಡಾಕಿ ನೀನು. ನಿನಗ ಬಿಟ್ಟವ್ರು ಯಾರು?" ಎಂದು ನಕ್ಕೆ.

ನಮ್ಮ ಮನೆಯಲ್ಲಿ ಆ ಮಾತಿಗೆ ಒಂದೇ ಅರ್ಥವಿತ್ತು. ನಮ್ಮ ತವರೂರು ಮಾನ್ವಿಯಲ್ಲಿ ನಾನು ಪರೀಕ್ಷೆಗೆ ಹೊರಟು ನಿಂತಾಗಲೆಲ್ಲ ಅಕ್ಕ ಬಾಗಿಲಿಗೆ ಒರಗಿ, "ಹಾಲ್ ಟಿಕೆಟ್ ಈ ವರ್ಷದ್ದ ಹೌದಿಲ್ಲೋ ನೋಡ್ಕೊಂಡಿಯಿಲ್ಲೋ?" ಎನ್ನುತ್ತಿದ್ದಳು. ನಾನು ಬಸ್‌ಸ್ಟ್ಯಾಂಡಿನ ತನಕ ನಾಲ್ಕು ಸಲ ಚೀಲ ಬಿಚ್ಚುತ್ತಿದ್ದೆ. "ಬಿಟ್ಲು ನೋಡು ಹುಳ," ಎಂದು ಅವ್ವ ಬೈಯುತ್ತಿದ್ದಳು.

ಫೋನಿನಲ್ಲಿ ಅಕ್ಕನೂ ನಕ್ಕಳು. "ಹೌದಲ್ಲ ಬೇ, ನಾನ ಸಾಕಿದ್ದು," ಎಂದು ಬೇರೆ ಮಾತು ತೆಗೆದಳು. ತಲೆಯಲ್ಲಿ ಹುಳ ಎಂದರೆ ಹೇನು ಎಂದುಕೊಂಡು ಅತ್ತೆ ಆಡಿಕೊಳ್ಳುತ್ತಾರೆಂದು ಅವಳು ಆ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಇದು ನನಗೆ ಆಮೇಲೆ ಗೊತ್ತಾಗಿದ್ದು.

ಜ್ವರ ಬಂದಾಗ ದೇವದುರ್ಗದ ಡಾಕ್ಟರು ಮೊದಲು ಟೈಫಾಯ್ಡ್ ಇರಬೇಕೆಂದು ಗುಳಿಗೆ ಕೊಟ್ಟರು. ಐದನೇ ದಿನ ಅಂಗೈ ಅಂಗಾಲುಗಳಲ್ಲಿ ಕೆಂಪು ಚುಕ್ಕೆಗಳೆದ್ದು, ಅಕ್ಕ ಮೈಮೇಲೆ ಎಚ್ಚರವಿಲ್ಲದೆ ಬಡಬಡಿಸತೊಡಗಿದಳು. ರಾಯಚೂರಿಗೆ ತಂದರು. ಸರಿಯಾದ ಔಷಧಿ ಬಿದ್ದ ಮೂರನೇ ದಿನಕ್ಕೆ ಜ್ವರ ಇಳಿಯಿತು. ಮೊದಲೇ ತಿಳಿದಿದ್ದರೆ ಎಲ್ಲ ಬೇರೆಯಾಗುತ್ತಿತ್ತೇ ಎಂದು ನಾನು ಡಾಕ್ಟರನ್ನು ಕೇಳಲಿಲ್ಲ. ಕೇಳುವ ಧೈರ್ಯ ಬರಲಿಲ್ಲ.

ಜ್ವರ ಇಳಿದರೆ ರೋಗ ಮುಗಿಯಿತು ಎಂದು ತಿಳಿದವಳು ನಾನು. ತಿಂಗಳು ಕಳೆಯುವುದರೊಳಗೆ ಭಾವನ ಫೋನ್ ಬಂತು. ಹಾಸಿಗೆ ಹೊದಿಕೆಗಳನ್ನು ದಿನಾ ಕುದಿಯುವ ನೀರಿಗೆ ಹಾಕುತ್ತಾಳೆ, ಕರುವನ್ನು ಮಾರುವ ತನಕ ಊಟ ಬಿಟ್ಟಳು, ಚಹಾ ಒಲೆಯ ಮೇಲಿಟ್ಟು ಮರೆಯುತ್ತಾಳೆ, ಮಧ್ಯಾಹ್ನ ಗೋಡೆಗೆ ಮುಖ ಮಾಡಿ ಅಳುತ್ತಾಳೆ. ಓಣಿಯ ಹೆಂಗಸರೆಲ್ಲರ ಅಳತೆ ಬಾಯಿಪಾಠ ಇದ್ದವಳು ಈಗ ಅಳತೆ ಬರೆದುಕೊಂಡರೂ ಕುಪ್ಪಸ ತಪ್ಪು ಹೊಲಿಯುತ್ತಾಳೆ. ಗಾಳಿ ಸೋಕಿದೆಯೆಂದು ಅತ್ತೆ ರಟ್ಟೆಗೆ ದಾರ ಕಟ್ಟಿಸಿದ್ದರು. ಅವರನ್ನು ನಾನು ದೂರುವುದಿಲ್ಲ. ಅಕ್ಕ ತಾನಾಗಿ ಉಣ್ಣದ ದಿನಗಳಲ್ಲಿ ತುತ್ತು ಮಾಡಿ ಬಾಯಿಗಿಟ್ಟವರು ಅವರೇ.

ಅವ್ವ ಹೋಗಿ ಅವಳನ್ನು ಮಾನ್ವಿಗೆ ಕರೆತಂದಳು. ನಾನು ಒಬ್ಬಳೇ ಹೋಗಿ ರಾಯಚೂರಿನ ಡಾಕ್ಟರನ್ನು ಕಂಡೆ. ಇಂಥ ಜ್ವರ ಕೆಲವರಲ್ಲಿ ಮಿದುಳಿಗೂ ತಾಗುತ್ತದೆ, ಮರೆವು, ಭಯ, ದುಃಖ ತಿಂಗಳುಗಟ್ಟಲೆ ಉಳಿಯಬಹುದು ಎಂದರು. ಆಸ್ಪತ್ರೆಯಲ್ಲಿ ಕಂಡ ಹೆದರಿಕೆಯೂ ಉಳಿದಿರುತ್ತದೆ. ಔಷಧಿ ಇದೆ, ಮನಸ್ಸಿನ ಡಾಕ್ಟರಿಗೆ ತೋರಿಸಿ ಎಂದರು. ನಾನು ಸೋಮವಾರಕ್ಕೆ ಹೆಸರು ಬರೆಸಿ ಭಾನುವಾರ ಮಾನ್ವಿಗೆ ಹೋದೆ.

ಸಂಜೆ ಮೂವರೂ ಕಟ್ಟೆಯ ಮೇಲೆ ಕೂತಿದ್ದೆವು. ಅವ್ವ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಅಕ್ಕ ಸೆರಗಿನೊಳಗೆ ಕೈ ಹಾಕಿ ಕತ್ತಿನ ಹಿಂಭಾಗವನ್ನು ಉಗುರಿನಿಂದ ಕೆರೆಯುತ್ತಲೇ ಇದ್ದಳು. ಮರುದಿನ ಡಾಕ್ಟರಿಗೆ ತೋರಿಸುವ ಮಾತು ತೆಗೆದೆ.

"ಎಂಥಾ ಡಾಕ್ಟರು?" ಎಂದಳು ಅಕ್ಕ.

"ಮನಸಿನ ಡಾಕ್ಟರು."

"ಹುಚ್ಚರ ಡಾಕ್ಟರು ಅನ್ನು. ಓದಿದಾಕಿ, ಬೆಲ್ಲ ಸವರಿ ಹೇಳ್ತಿ."

"ಹುಚ್ಚರ ಡಾಕ್ಟರಾದ್ರ ನನ್ನೂ ಕರಕೊಂಡು ಹೋಗ್ರಿ," ಎಂದಳು ಅವ್ವ, ಬೇಳೆಯಿಂದ ತಲೆಯೆತ್ತದೆ. "ನಿಮ್ಮಿಬ್ಬರನ್ನ ಹಡದಾಗಿಂದ ನನಗೂ ಹಿಡದದ."

ಅಕ್ಕನ ತುಟಿ ಸ್ವಲ್ಪ ಅಲುಗಿತು. ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ.

"ಈಗೂ ಹರದಾಡಾಕತ್ತಾವ. ಕೂದಲ ಬುಡದಾಗ. ಕುಂತ್ರೂ ಅದ, ಮಲಗಿದ್ರೂ ಅದ."

"ಏನೂ ಇಲ್ಲಕ್ಕ. ಆಸ್ಪತ್ರ್ಯಾಗ ನೋಡ್ಯಾರಲ್ಲ."

ಅವಳು ಕೆರೆಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು. ಜ್ವರದ ನಂತರ ಅಷ್ಟು ನೇರವಾಗಿ ನನ್ನನ್ನು ನೋಡಿದ್ದು ಅದೇ ಮೊದಲು.

"ಹುಳ ಇದ್ದಾಗ ನಕ್ಕಿ. ಈಗ ಇಲ್ಲ ಅಂತಿ. ನಿನ್ನ ಮಾತು ನಾ ಹ್ಯಾಂಗ ನಂಬಲಿ, ಹೇಳು?"

ಅವ್ವನ ಕೈ ಬೇಳೆಯಲ್ಲೇ ನಿಂತಿತು. "ಏನದು? ಯಾವಾಗ ನಕ್ಕಿದಿ?"

ನಾನು ಹೇಳಿದೆ. ಫೋನ್ ಬಂದದ್ದು, ಅವಳು ಅಂದದ್ದು, ನಾನು ಅಂದದ್ದು, ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ ಬಾಯಿ ಮುಚ್ಚಿಕೊಂಡು ನಿಂತದ್ದು. ಕಣ್ಣೀರು ಬರಬಹುದೆಂದು ಹೆದರಿದ್ದೆ, ಬರಲಿಲ್ಲ. ಪಾಠ ಒಪ್ಪಿಸಿದ ಹಾಗಿತ್ತು ನನ್ನ ದನಿ. ಅವ್ವ "ಬ್ಯಾಳಿ ಇಡ್ತೀನಿ," ಎಂದು ಮೊರ ಎತ್ತಿಕೊಂಡು ಒಳಗೆ ಹೋದಳು. ಅರ್ಧ ಬೇಳೆ ಇನ್ನೂ ಹಸನಾಗಿರಲಿಲ್ಲ.

"ಆವತ್ತ ಸಿಟ್ಟು ಬಂದಿತ್ತೇನು?" ಎಂದು ಅಕ್ಕನನ್ನು ಕೇಳಿದೆ.

"ಇಲ್ಲ. ನೀ ಶಾಣ್ಯಾಕಿ. ನೀ ನಕ್ರ ಏನೂ ಇರಂಗಿಲ್ಲ ಅಂತ ನಾನೂ ನಕ್ಕೆ." ಮತ್ತೆ ಕತ್ತು ಕೆರೆಯುತ್ತ, "ನಾಳೆ ನಾ ಬರಂಗಿಲ್ಲ. ನಿನಗ ಬೇಕಾದ್ರ ನೀ ಹೋಗು," ಎಂದಳು.

ಬಾರದಿದ್ದರೆ ಅವಳು ಹೀಗೆಯೇ ಉಳಿದುಬಿಡುತ್ತಾಳೆ ಎಂಬ ಭಯ ನನ್ನನ್ನು ಹಿಡಿದಿತ್ತು. ಆದರೆ ಬಾ ಎನ್ನಲು ನನ್ನ ಹತ್ತಿರ ಅವಳು ನಂಬುವಂಥ ಮಾತು ಒಂದೂ ಉಳಿದಿರಲಿಲ್ಲ. ಅವಳು ಹೇಳಿದ್ದನ್ನೇ ಯೋಚಿಸುತ್ತ ಹೋದೆ. ಇದ್ದಾಗಲೂ ನಾನು ನೋಡಿರಲಿಲ್ಲ, ಇಲ್ಲ ಎನ್ನುವಾಗಲೂ ನೋಡಿರಲಿಲ್ಲ. ಎರಡು ಸಲವೂ ಬರೀ ಮಾತಾಡಿದ್ದೆ.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಬಿಸಿಲು ಬಿದ್ದ ಜಾಗದಲ್ಲಿ ಅಪ್ಪನ ಹಳೆಯ ಬಿಳಿ ಪಂಚೆ ಹಾಸಿದೆ. ಅಪ್ಪ ಹೋದ ಮೇಲೂ ಅವ್ವ ಅದನ್ನು ಮಡಚಿ ಇಟ್ಟಿದ್ದಳು. ಅಕ್ಕನನ್ನು ಕರೆದು, "ಕುಂದ್ರು," ಎಂದೆ.

"ಯಾಕ?"

"ನೋಡ್ತೀನಿ."

ಅವಳು ನನ್ನ ಮುಖ ನೋಡಿದಳು. ಆಮೇಲೆ ಕೂತು, ತುರುಬು ಬಿಚ್ಚಿ ಕೊಟ್ಟಳು. ಕೂದಲು ಅರ್ಧಕ್ಕರ್ಧ ಉದುರಿಹೋಗಿತ್ತು. ಎಡಗಿವಿಯಿಂದ ಶುರು ಮಾಡಿದೆ. ಹಣಿಗೆಯ ತುದಿಯಿಂದ ಬೈತಲೆ ತೆಗೆದು, ಬುಡ ಕಾಣುವಂತೆ ಬಿಡಿಸಿ, ಪೂರ್ತಿ ನೋಡಿದ ಮೇಲೆ ಮಾತ್ರ "ಇಲ್ಲ" ಎನ್ನುತ್ತಿದ್ದೆ. ಆಮೇಲೆ ಪಕ್ಕದ ಬೈತಲೆ. ನೋಡುವ ಮೊದಲು ಒಮ್ಮೆಯೂ ಹೇಳಲಿಲ್ಲ. ಅವ್ವ ಚಹಾ ತಂದಿಟ್ಟು, ಏನೂ ಕೇಳದೆ ಹೋದಳು. ನಾವು ಹಿಡಿಯಬೇಕಾಗಿದ್ದ ಬಸ್ಸಿನ ಹೊತ್ತು ಮೀರಿತು. ಕೊನೆಗೆ ಬಲಗಿವಿಯ ಹಿಂದಕ್ಕೆ ಬಂದೆ. ಹಕ್ಕಳೆ ಉದುರಿದ ಜಾಗದಲ್ಲಿ ಕೂದಲು ಮತ್ತೆ ಹುಟ್ಟಿರಲಿಲ್ಲ.

"ಇಲ್ಲಿ ಇತ್ತು," ಎಂದೆ.

"ಇತ್ತು," ಎಂದಳು ಅಕ್ಕ.

"ಈಗ ಇಲ್ಲ."

ಅವಳು ಎದ್ದು ಪಂಚೆಯ ಮೇಲೆ ಬಗ್ಗಿ ನೋಡಿದಳು. ಉದುರಿದ ಕೂದಲು ಬಿಟ್ಟರೆ ಏನೂ ಇರಲಿಲ್ಲ. ಮತ್ತೆ ಬಂದು ಕೂತಳು. ನಾನು ಜಡೆ ಹೆಣೆದು ಮುಗಿಸಿದಾಗ, "ಇನ್ನೊಮ್ಮೆ ನೋಡು," ಎಂದಳು. "ಆಮ್ಯಾಲ ಮುಂದಿನ ಬಸ್ಸಿಗೆ ಹೋಗಾಣ."

ನಾನು ಜಡೆ ಬಿಚ್ಚಿ, ಮತ್ತೆ ಎಡಗಿವಿಯಿಂದ ಶುರು ಮಾಡಿದೆ.