ಮಳೆ ಎಣಿಸುವ ಕೋಡ್ ಬಿಡಿಸಿ ಬರೆದದ್ದು

ಚಳ್ಳಕೆರೆಯಲ್ಲಿ ನಾನು ಕೆಲಸಕ್ಕೆ ಸೇರಿದ ಸಣ್ಣ ಕಚೇರಿ ಹವಾಮಾನ ಅಳೆಯುವ ಪೆಟ್ಟಿಗೆಗಳನ್ನು ಮಾಡುತ್ತಿತ್ತು. ಅವು ಗಾಳಿ, ಬಿಸಿಲು, ಮಳೆ ಅಳೆದು, ಮುಂಭಾಗದ ಸಣ್ಣ ಪರದೆಯಲ್ಲಿ ತೋರಿಸಿ, ರೇಡಿಯೊದಲ್ಲಿ ನಮಗೂ ಕಳಿಸುತ್ತಿದ್ದವು. ಒಳಗಿನ ಪುಟ್ಟ ಕಂಪ್ಯೂಟರನ್ನು ನಡೆಸುವ ಕರ್ನಲ್ ಎಂಬ ಮೂಲ ಕೋಡ್ ಹೊರಗಿನಿಂದ ತಂದದ್ದಲ್ಲ, ನಮ್ಮ ಹಿರಿಯ ಇಂಜಿನಿಯರ್ ಒಬ್ಬರೇ ಕೂತು ಬರೆದದ್ದು. ನಾನು ಸೇರುವ ಹೊತ್ತಿಗೆ ಅವರು ನಿವೃತ್ತರಾಗಿ ತಮ್ಮೂರು ಮೊಳಕಾಲ್ಮುರಿಗೆ ಹೋಗಿದ್ದರು.

ಒಂದು ಪೆಟ್ಟಿಗೆ ದೊಡ್ಡಉಳ್ಳಾರ್ತಿಯಲ್ಲಿ ಒಬ್ಬ ರೈತರ ಹೊಲದ ಬದುವಿನಲ್ಲಿತ್ತು. ಒಂದು ದಿನ ಅವರೇ ಕಚೇರಿಗೆ ಬಂದರು.

"ನಿಮ್ ಪೆಟ್ಗೆ ಸುಳ್ ಹೇಳ್ತೈತೆ ಕಣವ್ವ. ನಿನ್ನೆ ನಮ್ ಬಾನಿ ತುಂಬಿ ಹರೀತು. ಇದು ನೋಡಿದ್ರೆ ತುಂತುರು ಮಳೆ ಅಂತೈತೆ."

ಅವರ ಮಾತೇ ನಿಜವಾಗಿತ್ತು. ಪೆಟ್ಟಿಗೆಯ ತಲೆಯ ಮೇಲೆ ಒಂದು ಸಣ್ಣ ಬಟ್ಟಲಿದೆ. ಅದು ತುಂಬಿ ಮಗುಚಿದಾಗಲೆಲ್ಲ ಕಂಪ್ಯೂಟರಿಗೆ ಒಂದು ಕರೆ ಹೋಗುತ್ತದೆ, ಅದಕ್ಕೇ ಇಂಟರಪ್ಟ್ ಅನ್ನುವುದು. ಕಂಪ್ಯೂಟರ್ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಮೊದಲು ಅದಕ್ಕೆ ಓಗೊಡಬೇಕು. ಹಳೆಯ ಕೋಡಿನಲ್ಲಿ ಓಗೊಡುವುದು ಅಂದರೆ ಲೆಕ್ಕ ಹಾಕಿ, ಮೆಮೊರಿ ಕಾರ್ಡಿಗೆ ಬರೆದು, ರೇಡಿಯೊದಲ್ಲಿ ಕಳಿಸುವವರೆಗೆ ಎಲ್ಲವೂ. ಅಷ್ಟು ಹೊತ್ತು ಬೇರೆ ಕರೆಗಳಿಗೆ ಬಾಗಿಲು ಮುಚ್ಚಿರುತ್ತಿತ್ತು. ಜೋರು ಮಳೆಯಲ್ಲಿ ಬಟ್ಟಲು ಎಷ್ಟು ಸಲ ಮಗುಚಿದರೂ ಕೇಳುವವರಿಲ್ಲ.

ನನಗೆ ಹುರುಪು ಬಂತು. ಒಂದೇ ವಾರದಲ್ಲಿ ಆ ಭಾಗವನ್ನೆಲ್ಲ ಕಿತ್ತು ಹೊಸದಾಗಿ ಬರೆದೆ. ಕಚೇರಿಯಲ್ಲಿದ್ದ ಪರೀಕ್ಷೆಯ ಪೆಟ್ಟಿಗೆಗೆ ಹಾಕಿದರೆ ಅದು ಕಣ್ಣೇ ಬಿಡಲಿಲ್ಲ. ಎಲ್ಲಿ ತಪ್ಪಿದೆ ಅಂತ ಹುಡುಕಲೂ ಆಗದಷ್ಟು ಬದಲಾಯಿಸಿದ್ದೆ. ಬರೆದದ್ದನ್ನೆಲ್ಲ ಅಳಿಸಿ ಹಳೆಯದನ್ನೇ ವಾಪಸ್ ಹಾಕಿದೆ.

ಮನೆಯಲ್ಲಿ ನನ್ನ ಮುಖ ನೋಡಿ ಅವ್ವ ಕೇಳಿದಳು. ಹೀಗೆ ಹೀಗೆ ಅಂತ ಹೇಳಿದೆ. ಅವ್ವ ರೊಟ್ಟಿ ತಟ್ಟುತ್ತಲೇ ಅಂದಳು: "ಬಂದೋರನ್ನ ಕೂರ್ಸಿ, ಕೈಯಾಗಿನ ರೊಟ್ಟಿ ಮುಗ್ಸಿ ಆಮೇಲೆ ಮಾತಾಡ್ಬೇಕವ್ವ. ಒಬ್ರ ಜೊತೆ ಹರಟ್ತಾ ಕುಂತ್ರೆ ಬಾಗ್ಲಾಗೆ ನಿಂತೋರು ಹೋಗ್ತಾರೆ."

ಮಾಡಬೇಕಾದ್ದೂ ಅದೇ. ಕರೆ ಬಂದರೆ ಒಂದು ಗುರುತು ಹಾಕಿಕೊಂಡು ಕೂಡಲೇ ಬಾಗಿಲು ತೆರೆಯುವುದು. ಉಳಿದ ಕೆಲಸ ಬಿಡುವಾದಾಗ. ಈ ಸಲ ಒಂದೊಂದೇ ಹೆಜ್ಜೆ ಇಟ್ಟೆ. ಮೊದಲ ವಾರ ಮಳೆಯ ಬಟ್ಟಲು ಮಾತ್ರ. ಕಚೇರಿಯ ಹಿತ್ತಲಲ್ಲಿ ಚೊಂಬಿನಿಂದ ನೀರು ಹೊಯ್ದು ಎಣಿಸಿದೆ. ಸರಿ ಬಂದ ಮೇಲೆ ಗಾಳಿಯ ಚಕ್ರಕ್ಕೆ ಕೈ ಹಾಕಿದೆ, ಅದೂ ಸರಿ ಬಂತು. ಆ ದಿನಗಳಲ್ಲಿ ಬೆಳಿಗ್ಗೆ ಕಚೇರಿಗೆ ಹೋಗುವುದೇ ಒಂದು ಖುಷಿ.

ಮೂರನೆಯದು ರೇಡಿಯೊ. ಅದರ ಚಿಪ್ ಕಳಿಸಲು ಸಿದ್ಧವೋ ಇಲ್ಲವೋ ಎಂಬ ಸ್ಥಿತಿಯನ್ನು ಓದುವ ಒಂದು ಸಾಲು ಹಳೆಯ ಕೋಡಿನಲ್ಲಿ ಎರಡೆರಡು ಸಲ ಇತ್ತು. ಕೈತಪ್ಪಿ ಬಂದಿರಬೇಕೆಂದು ಒಂದನ್ನು ಅಳಿಸಿದೆ. ಮಧ್ಯಾಹ್ನದ ಹೊತ್ತಿಗೆ ಪೆಟ್ಟಿಗೆ ನಿಂತುಹೋಯಿತು. ವಾಪಸ್ ಹಾಕಿದೆ, ನಡೆಯಿತು. ಯಾಕೆ ಅನ್ನುವುದು ಮಾತ್ರ ತಿಳಿಯಲಿಲ್ಲ. ಮರುದಿನವೇ ಮೊಳಕಾಲ್ಮುರು ಬಸ್ ಹತ್ತಿದೆ.

ಆ ಹಿರಿಯ ಇಂಜಿನಿಯರ್ ಬರೆದ ಕೋಡನ್ನು ಬಿಚ್ಚುತ್ತಿದ್ದೇನೆಂದು ಅವರಿಗೇ ಹೇಳುವುದು ಹೇಗೆ ಅಂತ ದಾರಿಯುದ್ದಕ್ಕೂ ಅಳುಕು. ಬಾಗಿಲಲ್ಲಿ ಅವರ ಹೆಂಡತಿ "ರಾ ಅಮ್ಮಾ, ಕೂಚೋ" ಅಂತ ತೆಲುಗಿನಲ್ಲೇ ಕೂರಿಸಿ ಮಜ್ಜಿಗೆ ಕೊಟ್ಟರು. ಇಂಜಿನಿಯರ್ ಕನ್ನಡಕ ಏರಿಸಿ, ನಾನು ತಂದಿದ್ದ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಎರಡು ಸಲ ಇದ್ದ ಆ ಸಾಲು ಕಂಡು ನಕ್ಕರು.

"ಇದನ್ನ ಅಳಿಸಿದ್ಯಾ?"

"ಹೂಂ ಸರ್. ನಿಂತೋಯ್ತು."

"ಆ ಚಿಪ್ಪು ಮೊದಲ್ನೇ ಸಲ ಹಳೇದನ್ನೇ ಹೇಳ್ತೈತೆ. ಎರಡ್ನೇ ಸಲ ಓದಿದ್ರೇನೇ ನಿಜ. ಒಂದ್ ತಿಂಗಳು ತಲೆ ಕೆಡಿಸ್ಕೊಂಡಿದ್ದೆ. ಪಕ್ಕದಾಗೆ ಒಂದ್ ಮಾತು ಬರೆದಿಡ್ಬೇಕಿತ್ತು, ನಂದೇ ತಪ್ಪು."

"ನಿಮ್ಮ ಕೋಡೆಲ್ಲ ಬದಲಾಯಿಸ್ತಿದ್ದೀನಿ ಸರ್, ಬೇಜಾರಿಲ್ವಾ?"

"ಯಾತಕ್ ಬೇಜಾರು? ಆಗ ಮಳೆ ಬಟ್ಲೇ ಇರ್ಲಿಲ್ಲ, ಬರೀ ಬಿಸಿಲು ಅಳೀತಿದ್ವಿ. ಬಟ್ಲು ಆಮೇಲೆ ಬಂತು, ಅದ್ರಾಗೇ ತುರುಕ್ದೆ. ನೀನು ಬಿಡಿಸ್ತಿದ್ದೀಯ. ನಿಧಾನಕ್ಕೆ ಬಿಡ್ಸು."

ನನ್ನೆದೆ ಹಗುರಾಯಿತು. ಮಧ್ಯಾಹ್ನ ಊಟ ಮಾಡಿಸಿಯೇ ಕಳಿಸಿದರು. ಕಚೇರಿಗೆ ಬಂದವಳೇ ಆ ಸಾಲಿನ ಪಕ್ಕ, ಎರಡು ಸಲ ಯಾಕೆ ಓದಬೇಕು ಅನ್ನುವುದನ್ನು ಕನ್ನಡದಲ್ಲೇ ಬರೆದಿಟ್ಟೆ. ರೇಡಿಯೊ ಭಾಗ ಮುಗಿಯಲು ಇನ್ನೂ ಮೂರು ವಾರ ಹಿಡಿಯಿತು. ಆಮೇಲೆ ಹೊಸ ಕೋಡನ್ನು ದೊಡ್ಡಉಳ್ಳಾರ್ತಿಯ ಪೆಟ್ಟಿಗೆಗೆ ಹಾಕಿ, ಪಕ್ಕದಲ್ಲಿ ಮಳೆ ನೀರು ಹಿಡಿಯುವ ಅಳತೆಯ ಡಬ್ಬಿಯೊಂದನ್ನು ಇಟ್ಟು ಬಂದೆ.

ಮುಂದಿನ ಜೋರು ಮಳೆ ಒಂದು ಸಂಜೆ ಬಂತು. ಬೆಳಿಗ್ಗೆ ದೊಡ್ಡಉಳ್ಳಾರ್ತಿಗೆ ಹೋಗಿ, ಆ ಡಬ್ಬಿಯ ನೀರನ್ನೂ ಪೆಟ್ಟಿಗೆಯ ಲೆಕ್ಕವನ್ನೂ ತಾಳೆ ನೋಡಿದೆ. ಕೂದಲೆಳೆಯಷ್ಟು ವ್ಯತ್ಯಾಸ. ಆ ರೈತರು ಡಬ್ಬಿಯೊಳಗೆ ತಾವೂ ಇಣುಕಿದರು.

"ಈಗ ಸರಿಯಾಗೈತೆ," ಅಂದರು. ಆಮೇಲೆ, "ಗಾಳಿ ಲೆಕ್ಕನೂ ಹಿಂಗೇ ನಂಬಬೋದಾ?" ಅಂತ ಕೇಳಿದರು.

"ನಂಬಬೋದು ಕಣಣ್ಣ," ಅಂದೆ.

ಕಂಪ್ಯೂಟರಿನ ಒಳಗಡಿಯಾರ ಕೊಡುವ ಇಂಟರಪ್ಟ್ ಒಂದು ಇನ್ನೂ ಹಳೆಯ ರೀತಿಯಲ್ಲೇ ಉಳಿದಿದೆ. ಅವಸರವಿಲ್ಲ. ಈ ಸೋಮವಾರ ಅದರ ಮೊದಲ ಹತ್ತು ಸಾಲು ಬೇರ್ಪಡಿಸಿದ್ದೇನೆ.