ಒಂದನೇ ತಾರೀಖಿನ ಸಾಲಗಾರ

ಸೋಫಾ ಅಂಗಡಿಯ ಯಜಮಾನರು ಸಾಲದಲ್ಲಿ ಮುಳುಗಿದರಂತೆ ಎಂಬ ಸುದ್ದಿ ಬಂದ ದಿನ ಕುಶನ್ ಅಕ್ಕ ಎರಡು ತುತ್ತು ಹೆಚ್ಚಿಗೇ ಉಂಡಳು. ಅವರು ಅವಳಿಗೂ ಹಣ ಕೊಡಬೇಕಿತ್ತು. ಅದು ಬರುವುದಿಲ್ಲವೆಂಬ ಸಂಕಟಕ್ಕಿಂತ ಅವರ ಬಾಗಿಲು ಮುಚ್ಚುತ್ತದೆಂಬ ಖುಷಿಯೇ ಮೇಲಾಗಿತ್ತು.

"ನಮ್ಮ ದುಡ್ಡೂ ಹೋಯ್ತಲ್ಲೇ," ಎಂದ ಗಂಡ. ಅವನು ಬಸ್ ಕಂಡಕ್ಟರ್, ಚಿಲ್ಲರೆಯನ್ನೂ ಬಿಟ್ಟುಕೊಟ್ಟು ಗೊತ್ತಿಲ್ಲದವನು.

"ಹೋಗ್ಲಿ ಬಿಡಿ. ಜೊತೆಗೆ ಅವ್ರೂ ಹೋಗ್ತಾರಲ್ಲ."

ಹಗೆ ಹಳೆಯದು. ಹಿಂದೆ ಅವಳು ಅದೇ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೋಫಾಗಳಿಗೆ ಕವರ್ ಹೊಲಿಯುತ್ತಿದ್ದಳು. ಹೆಂಗಸರೆಲ್ಲರ ಪರವಾಗಿ ಕೂಲಿ ಹೆಚ್ಚಿಸಿ ಎಂದು ಕೇಳಿದ್ದೇ ತಪ್ಪಾಯಿತು. ಅದೇ ವಾರ ವೆಲ್ವೆಟ್ ಬಟ್ಟೆಯ ಒಂದು ಥಾನು ಕಾಣೆಯಾಯಿತೆಂದು ಯಜಮಾನರು ಅವಳನ್ನು ಗಿರಾಕಿಗಳ ನಡುವೆ ನಿಲ್ಲಿಸಿ ಚೀಲ ಸುರಿಸಿದರು. ಆ ಚೀಲದಲ್ಲಿ ಊಟದ ಡಬ್ಬಿಯೇ ಉಸಿರುಗಟ್ಟಿ ಕೂರುತ್ತಿತ್ತು, ಥಾನು ಎಲ್ಲಿಂದ ಹಿಡಿಸಬೇಕು? ಬಾಚಣಿಗೆ, ಮಗುವಿನ ಔಷಧಿ, ಒಗೆಯಲು ಇಟ್ಟಿದ್ದ ರವಿಕೆ ಎಲ್ಲ ನೆಲದ ಮೇಲೆ ಬಿದ್ದವು. ಯಾರೋ ಕಿಸಕ್ಕೆಂದರು. ಆಮೇಲೆ ಥಾನು ಗೋದಾಮಿನ ಬಾಗಿಲ ಹಿಂದೆ ಸಿಕ್ಕಿತು. "ಸರಿ, ಹೋಗಿ ಕೆಲಸ ನೋಡು," ಎಂದರು ಯಜಮಾನರು. ಅಷ್ಟೇ.

ಅವಳು ಅವತ್ತೇ ಕೆಲಸ ಬಿಟ್ಟಳು. ಒಂದು ಕೋಣೆ ಬಾಡಿಗೆಗೆ ಹಿಡಿದು, ಹಳೇ ಮೆಷಿನ್ನು ಕೊಂಡು ಸ್ವಂತಕ್ಕೆ ಹೊಲಿಗೆ ಶುರುಮಾಡಿದಳು. ಕೆಲವು ವರ್ಷ ಕಳೆದ ಮೇಲೆ ಯಜಮಾನರ ಮ್ಯಾನೇಜರೇ ಆರ್ಡರ್ ಹಿಡಿದುಕೊಂಡು ಬಂದ. ಬಾಡಿಗೆ ಕಟ್ಟಬೇಕಲ್ಲ, ಹಲ್ಲು ಕಚ್ಚಿಕೊಂಡು ಒಪ್ಪಿದಳು. ಹಾಗೆ ಬೆಳೆದ ಬಾಕಿ ಅದು.

ಸಾಲ ಕೊಟ್ಟವರನ್ನೆಲ್ಲ ಯಜಮಾನರ ವಕೀಲರು ತಮ್ಮ ಕಚೇರಿಗೆ ಕರೆಸಿದರು. ಔಷಧಿ ಅಂಗಡಿಯ ಮೇಲಿನ ಕೋಣೆ, ಕರಕರ ಎನ್ನುವ ಫ್ಯಾನು, ಪ್ಲಾಸ್ಟಿಕ್ ಕುರ್ಚಿಗಳು. ಮರದ ವ್ಯಾಪಾರಿ, ಫೋಮ್ ಮಾರುವವನು, ಇವಳು. ಯಜಮಾನರು ಮೂಲೆಯಲ್ಲಿ ಉಗುರು ನೋಡಿಕೊಳ್ಳುತ್ತ ಕೂತಿದ್ದರು.

ವಕೀಲರು ಬಿಡಿಸಿ ಹೇಳಿದರು: "ಕೋರ್ಟಿಗೆ ಹೋಗಿ ದಿವಾಳಿ ಅಂತ ಬರೆಸಿಕೊಂಡ್ರೆ ಅಂಗಡಿ ಹರಾಜಾಗುತ್ತೆ, ಬ್ಯಾಂಕಿನವ್ರು ಮೊದಲು ಬಾಚ್ಕೋತಾರೆ, ನಿಮಗೆ ಉಳಿಯೋದು ಗಸಿ. ಅದರ ಬದಲು ಬಾಕಿಯಲ್ಲಿ ಅರ್ಧ ಬಿಟ್ಕೊಡಿ, ಉಳಿದರ್ಧ ಎರಡು ವರ್ಷದಲ್ಲಿ ಕಂತಿನ ಮೇಲೆ ತೀರಿಸ್ತಾರೆ. ಆದ್ರೆ ಎಲ್ರೂ ಒಪ್ಪಬೇಕು. ಒಬ್ರು ಬೇಡ ಅಂದ್ರೂ ಮುರಿದು ಬೀಳುತ್ತೆ."

ಇನ್ನಿಬ್ಬರು ತಲೆ ಆಡಿಸಿದರು. ಕುಶನ್ ಅಕ್ಕ ಕನ್ನಡಿ ಮುಂದೆ ಅಭ್ಯಾಸ ಮಾಡಿಕೊಂಡು ಬಂದಿದ್ದ ಮಾತನ್ನು ಹೇಳಿಯೇಬಿಟ್ಟಳು. "ನಾನು ಸಹಿ ಹಾಕಲ್ಲ. ದಿವಾಳಿ ಆಗ್ಲಿ."

"ನಿಮ್ದು ಬಿಡಿಕಾಸು ಕಣಮ್ಮಾ," ಮರದ ವ್ಯಾಪಾರಿ ಗೋಗರೆದ. "ನಮ್ಮ ಹೊಟ್ಟೆ ಮೇಲೆ ಯಾಕೆ ಹೊಡೀತೀರಿ?"

ವಕೀಲರು ದನಿ ತಗ್ಗಿಸಿದರು. "ದಿವಾಳಿ ಆದ್ರೆ ಅವರಿಗೇನಮ್ಮಾ? ಅಂಗಡಿ ಜೊತೆ ಸಾಲವೂ ಹೋಗುತ್ತೆ. ಆಮೇಲೆ ನಿಮ್ಮೆದುರೇ ಕೈ ಬೀಸಿಕೊಂಡು ಓಡಾಡಬಹುದು. ನೀವು ಒಂದು ಮಾತು ಕೇಳೋ ಹಾಗಿಲ್ಲ."

"ಕೇಳೋ ಹಾಗೇ ಇಲ್ವಾ?"

"ಇಲ್ಲ."

ಅವಳು ಮೂಲೆಯಲ್ಲಿದ್ದ ಯಜಮಾನರತ್ತ ತಿರುಗಿದಳು. ಒಂದೇ ಏಟಿಗೆ ಸತ್ತು ಬಿಡುಗಡೆಯಾಗುವ ಮನುಷ್ಯನಿಗೆ ತಾನೇ ದಾರಿ ಬಿಡುತ್ತಿದ್ದೆನಲ್ಲ ಎನಿಸಿತು.

"ಹಾಗಾದ್ರೆ ಬರ್ಕೊಳ್ಳಿ," ಎಂದಳು. "ನಂಗೆ ಪೂರ್ತಿ ಹಣ ಬೇಕು. ಅವಸರ ಇಲ್ಲ, ಐದು ವರ್ಷ ತಗೊಳ್ಳಲಿ. ಪ್ರತಿ ತಿಂಗಳು ಒಂದನೇ ತಾರೀಖು ಅವ್ರೇ ನನ್ನ ಹೊಲಿಗೆ ಕೋಣೆಗೆ ಬಂದು ಕೈಯಾರೆ ಕೊಡಬೇಕು. ಮ್ಯಾನೇಜರು, ಹೆಂಡ್ತಿ, ಬ್ಯಾಂಕು ಯಾರೂ ಆಗಲ್ಲ."

ಐದು ವರ್ಷಕ್ಕೆ ಹಂಚಿದರೆ ಕಂತು ಏನೂ ಅಲ್ಲವೆಂದು ಉಳಿದವರು ಸುಮ್ಮನೆ ಒಪ್ಪಿದರು. "ದೊಡ್ಡ ಮನಸ್ಸಮ್ಮಾ ನಿಮ್ದು!" ಎಂದರು ವಕೀಲರು. ಯಜಮಾನರು ಮಾತ್ರ ಆಗ ತಲೆಯೆತ್ತಿ ಅವಳನ್ನು ನೋಡಿದರು. ಅವರಿಗೆ ಅರ್ಥವಾಗಿತ್ತು. ಆದರೂ ಸಹಿ ಹಾಕಿದರು. ಹಾಕದೆ ಬೇರೆ ಗತಿಯಿರಲಿಲ್ಲ.

ಮೊದಲ ಕಂತಿನ ದಿನ ಅವರು ಬಂದು ನಿಂತರೂ ಅವಳು ಹಿಡಿದ ಹೊಲಿಗೆ ಮುಗಿಸಿಯೇ ಮುಖವೆತ್ತಿದ್ದು.

"ಚೀಲ ಸುರೀರಿ."

"ಹಣ ಜೇಬಲ್ಲಿದೆ…"

"ಇರ್ಲಿ. ಚೀಲ ಸುರೀರಿ."

ಕನ್ನಡಕದ ಡಬ್ಬಿ, ಬಿಪಿ ಮಾತ್ರೆ, ತಿಂದುಳಿದ ಬಿಸ್ಕತ್ತು ಮೇಜಿನ ಮೇಲೆ ಬಿದ್ದವು. ಅವಳ ಕೈಕೆಳಗೆ ಹೊಲಿಯುವ ಹೆಂಗಸರು ಸೆರಗಿನಲ್ಲಿ ನಕ್ಕರು. ಅವಳ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ತಿಂಗಳು ತಿಂಗಳೂ ಹೀಗೇ. ಆರೇಳು ತಿಂಗಳಲ್ಲಿ ಹೆಂಗಸರ ನಗು ನಿಂತುಹೋಯಿತು. "ಸಾಕು ಅಕ್ಕಾ, ನೋಡಕ್ಕಾಗಲ್ಲ," ಎಂದಳು ಒಬ್ಬಳು.

"ಆಗದಿದ್ರೆ ಆ ಕಡೆ ತಿರುಗಿ ಕೂತ್ಕೋ."

ಒಮ್ಮೆ ಯಜಮಾನರಿಗೆ ಜ್ವರ ಬಂದು ಹೆಂಡತಿ ಹಣ ತಂದರು. ಅಕ್ಕ ಅವರಿಗೆ ಕುರ್ಚಿ ಹಾಕಿ, ನೀರು ಕೊಟ್ಟು, ಹಣವನ್ನು ಹಾಗೇ ವಾಪಸ್ ಕಳಿಸಿದಳು. "ನಿಮ್ಮ ಮೇಲೆ ನಂಗೆ ಸಿಟ್ಟಿಲ್ಲ ತಾಯಿ. ಅವ್ರೇ ಬರ್ಲಿ." ಸಂಜೆ ಯಜಮಾನರು ಶಾಲು ಹೊದ್ದು, ಗೋಡೆ ಹಿಡಿದುಕೊಂಡು ಬಂದರು. ಸುರಿದ ಮಾತ್ರೆಗಳು ಮೆಷಿನ್ನಿನ ಕೆಳಗೆ ಉರುಳಿದವು. ಅವರು ಮೊಣಕಾಲೂರಿ ಹೆಕ್ಕುವುದನ್ನು ಅವಳು ಕಣ್ಣು ಮಿಟುಕಿಸದೆ ನೋಡಿದಳು. ಅದನ್ನು ಕೇಳಿದ ಕಂಡಕ್ಟರ್ ಆ ದಿನ ಹೆಂಡತಿಯೊಡನೆ ತಮಾಷೆ ಮಾಡಲಿಲ್ಲ.

ಮೂರನೇ ವರ್ಷ ಅವಳೆಣಿಸಿರದ ಸಂಗತಿ ನಡೆಯಿತು. ಸಾಲ ಕೊಟ್ಟವರು ನೀಡಿದ ಬಿಡುವಿನಲ್ಲಿ ಅಂಗಡಿ ಚೇತರಿಸಿತ್ತು. ಯಜಮಾನರು ಉಳಿದ ಹಣವನ್ನೆಲ್ಲ ಒಟ್ಟಿಗೇ ತಂದರು.

"ತಗೊಳ್ಳಲ್ಲ. ಐದು ವರ್ಷ ಅಂತ ಬರೆದಿದೆ," ಎಂದು ಅವಳು ವಕೀಲರಿಗೆ ಫೋನ್ ಮಾಡಿದಳು.

"ಮೊದಲೇ ಕೊಟ್ರೆ ಬೇಡ ಅನ್ನೋಕೆ ಬರಲ್ಲಮ್ಮಾ," ಎಂದು ಅವರು ನಕ್ಕರು.

ಎಣಿಸಿಕೊಂಡಳು. ಯಜಮಾನರು ಕೈ ಮುಗಿದರು. "ಅವತ್ತು ನೀವು ಒಪ್ಪದಿದ್ರೆ ನಾನು ಬೀದಿಗೆ ಬೀಳ್ತಿದ್ದೆ. ನಿಮ್ಮಿಂದ ಉಳ್ಕೊಂಡೆ."

ಅವಳು ಕಾದಳು. "ಇನ್ನೇನಾದ್ರೂ ಹೇಳೋದಿದ್ಯಾ?"

ಅವರ ತುಟಿ ಅಲುಗಿತು. "ಇಲ್ಲ," ಎಂದು ಮೆಟ್ಟಿಲಿಳಿದು ಹೋದರು.

"ಹಗೆ ತೀರಿಸೋಕೆ ಹೋಗಿ ಪುಣ್ಯ ಕಟ್ಕೊಂಡ್ಯಲ್ಲೇ!" ರಾತ್ರಿ ಊಟಕ್ಕೆ ಕೂತಾಗ ಗಂಡ ಬಿದ್ದು ಬಿದ್ದು ನಕ್ಕ. ಅವಳು ತಟ್ಟೆ ಸರಿಸಿ ಎದ್ದುಹೋದಳು. ಆಡಿಸಿದ ಅಷ್ಟು ತಿಂಗಳಲ್ಲಿ ಆ ಬಾಯಿಂದ ಒಂದು 'ತಪ್ಪಾಯ್ತು' ಹೊರಡಿಸಲಾಗಲಿಲ್ಲವಲ್ಲ ಎಂದು ಉರಿದು ಹೋಗಿದ್ದಳು.

ಆ ಹಣವನ್ನು ಅವಳು ಮನೆಗೆ ಮುಟ್ಟಿಸಲಿಲ್ಲ. ಯಜಮಾನರ ಅಂಗಡಿಯ ಎದುರಿನ ಮಳಿಗೆಗೆ ಮುಂಗಡ ಕೊಟ್ಟಳು. ಯಜಮಾನರ ಬಳಿ ಕೂಲಿ ಸಾಲದೆ ಬೇಸತ್ತಿದ್ದ ಬಡಗಿಗೆ ಹೆಚ್ಚು ಕೊಟ್ಟು ಕರೆದುಕೊಂಡಳು. ತಾನೇ ಸೋಫಾ ಮಾರತೊಡಗಿದಳು. ಮೊದಲ ವರ್ಷ ಕೈ ಸುಟ್ಟಿತು, ಆಮೇಲೆ ಪರವಾಗಿಲ್ಲ ಎನ್ನುವಂತಾಯಿತು. ಯಜಮಾನರದೂ ನಡೆಯುತ್ತಿದೆ, ಮೊದಲಿನಷ್ಟಲ್ಲ.

ಅಲ್ಲಿ ಬೆಲೆ ಕೇಳಿ ಯಾರಾದರೂ ರಸ್ತೆ ದಾಟಿ ಬಂದರೆ ಅವಳು ಚೌಕಾಸಿಗೆ ಕೂರುವುದಿಲ್ಲ. "ಅವ್ರೆಷ್ಟು ಹೇಳಿದ್ರು?" ಎಂದು ಕೇಳಿ, ನಷ್ಟವಾದರೂ ಅದಕ್ಕಿಂತ ಕಡಿಮೆಗೆ ಕೊಟ್ಟುಬಿಡುತ್ತಾಳೆ.

"ಹೀಗಾದ್ರೆ ನಮಗೇನೇ ಗಿಟ್ಟುತ್ತೆ?" ಎಂದು ಕಂಡಕ್ಟರ್ ತಲೆ ಚಚ್ಚಿಕೊಳ್ಳುತ್ತಾನೆ.

ಅವಳಾಗಲೇ ಹೊರಗೆ ನಿಂತು, ಸೋಫಾವನ್ನು ಎದುರಂಗಡಿಗೆ ಚೆನ್ನಾಗಿ ಕಾಣುವ ಹಾಗೆ ಗಾಡಿಗೆ ಹೇರಿಸುತ್ತಿರುತ್ತಾಳೆ.