ಬಾಯಮ್ಮ ಅದಲುಬದಲು ಮಾಡಿದ ವಯರು

ಬಾಯಮ್ಮನ ಮುಂದಿನ ಎರಡು ಹಲ್ಲುಗಳ ನಡುವೆ ಒಂದು ಸಂದು ಇತ್ತು. ಸ್ಪೀಕರಿನ ವಯರನ್ನು ಆ ಸಂದಿಗೆ ಸಿಕ್ಕಿಸಿ ಒಮ್ಮೆ ಎಳೆದರೆ ಪ್ಲಾಸ್ಟಿಕ್ಕು ಸುಲಿದು ತಾಮ್ರ ಹೊರಗೆ ಬರುತ್ತಿತ್ತು. ಸಿಪ್ಪೆಯನ್ನು ಅಂಗಳಕ್ಕೆ ಉಗುಳಿ, ಬಿಟ್ಟಲ್ಲಿಂದಲೇ ಮಾತು ಮುಂದುವರಿಸುತ್ತಿದ್ದರು.

ಪೈವಳಿಕೆಯಲ್ಲಿ ಅವರದು ನಮ್ಮ ಪಕ್ಕದ ಮನೆ. ನಾವು ತುಳು, ಅವರು ಕೊಂಕಣಿ. ನಮ್ಮೊಳಗೆ ಮಾತು ಕನ್ನಡ. ಊರಿನವರೆಲ್ಲರ ಹಾಗೆ ನಾನೂ ಬಾಯಮ್ಮ ಎಂದೇ ಕರೆಯುತ್ತಿದ್ದೆ. ಮದುವೆ ನಿಶ್ಚಯವಾದ ಹುಡುಗ ಹುಡುಗಿಯರಿಗೆ ಜೋಡಿ ಕುಣಿತ ಕಲಿಸುವುದು ಅವರ ಕೆಲಸ. ಕುವೈತಿನಲ್ಲಿ ದುಡಿದು ಬಂದ ಅವರ ಗಂಡ ಹಲಸಿನ ಹಲಗೆಯಿಂದ ಎರಡು ದೊಡ್ಡ ಪೆಟ್ಟಿಗೆ ಮಾಡಿ, ಒಂದೊಂದಕ್ಕೂ ಎದುರಿಗೊಂದು, ಹಿಂದಕ್ಕೊಂದು ಸ್ಪೀಕರು ಕೂರಿಸಿದ್ದರು. ಅವರ ಮನೆಯ ಹಾಲ್‌ನಲ್ಲಿ ಎಲ್ಲಿ ನಿಂತರೂ ಹಾಡು ಸುತ್ತ ತುಂಬಿಕೊಳ್ಳುತ್ತಿತ್ತು. ಗಂಡ ತೀರಿಕೊಂಡ ಮೇಲೆ ಅವುಗಳ ರಿಪೇರಿಯೂ ಬಾಯಮ್ಮನದ್ದೇ. ಹೆಜ್ಜೆ ತಪ್ಪಿದವರಿಗೆ, “ಕಿವಿಯಲ್ಲಿ ಅಲ್ಲ, ಹೊಟ್ಟೆಯಲ್ಲಿ ಕೇಳಿ” ಎನ್ನುತ್ತಿದ್ದರು. ತಾಳದ ಗುದ್ದು ನಿಜವಾಗಿಯೂ ಹೊಟ್ಟೆಗೇ ತಾಗುತ್ತಿತ್ತು.

ಸೀಡಿ ಹೋಗಿ ಪೆನ್‌ಡ್ರೈವ್ ಬರುತ್ತಿದ್ದ ಕಾಲವದು. ನಮ್ಮನೆಯವರಿಗೆ ಕಿವಿಯೊಳಗೆ ಆಪರೇಷನ್ ಆಯಿತು. ಮಂಗಳೂರಿನ ಆಸ್ಪತ್ರೆಯಿಂದ ಮನೆಗೆ ಬಂದರೂ ನೆಟ್ಟಗೆ ನಿಲ್ಲಲಾಗುತ್ತಿರಲಿಲ್ಲ. ದೊಡ್ಡ ಶಬ್ದವಾದರೆ ತಲೆ ಸುತ್ತಿ ವಾಂತಿ. ಮದುವೆಗಳ ಸಮಯ, ಆಚೆ ಮನೆಯಲ್ಲಿ ಸಂಜೆಯಾಗುವಾಗ ಹಾಡು ಶುರು, ಈಚೆ ಇವರು ಮಂಚದ ಪಟ್ಟಿ ಹಿಡಿದು ಹಲ್ಲು ಕಚ್ಚಿ ಮಲಗುವುದು.

ಎರಡು ಸಲ ಹೇಳಲೆಂದು ಹೋಗಿ, ಕರಿಬೇವು ಕೇಳಿ ವಾಪಸು ಬಂದೆ. ಅವರ ಅನ್ನಕ್ಕೆ ಕಲ್ಲು ಹಾಕಿದಂತಾಗುತ್ತದಲ್ಲ ಎಂಬ ಸಂಕಟ. ನನ್ನ ಮೈದುನ ಪಂಚಾಯತಿಗೆ ದೂರು ಕೊಡುತ್ತೇನೆಂದು ಹೊರಟಾಗ ಅವನನ್ನು ತಡೆದು, ಓಡಿಹೋಗಿ ಬಾಯಮ್ಮನಿಗೆ ಎಲ್ಲವನ್ನೂ ಹೇಳಿಬಿಟ್ಟೆ.

ಮರುದಿನ ಮೈದುನ ಇವರನ್ನು ತಪಾಸಣೆಗೆ ಕರೆದುಕೊಂಡು ಹೋಗಿದ್ದ. ಬಾಯಮ್ಮ ತಮ್ಮ ಮನೆಯಲ್ಲಿ ಹಾಡು ಹಾಕಿಯೇ ಬಂದು, ಇವರ ಮಂಚದಲ್ಲಿ ಇವರು ಮಲಗುವ ಹಾಗೆಯೇ ಮಲಗಿ ಕಣ್ಣು ಮುಚ್ಚಿದರು. ಹಾಡು ಮುಗಿದ ಮೇಲೆ ಎದ್ದು ಸೀರೆ ಸರಿಮಾಡಿಕೊಂಡು ಹೇಳಿದರು: “ಪಾಪ. ಇದರಲ್ಲಿ ಆರೋಗ್ಯ ಇದ್ದವರಿಗೇ ಮಲಗ್ಲಿಕ್ಕೆ ಆಗ್ಲಿಕ್ಕಿಲ್ಲ.”

ನನ್ನನ್ನು ಆ ಕೋಣೆಯಲ್ಲಿ ಕೂರಿಸಿ, ತಮ್ಮ ಮನೆಗೆ ಹೋಗಿ ಕೆಲಸಕ್ಕೆ ತೊಡಗಿದರು. ಹಿಂದಿನ ಸ್ಪೀಕರಿನ ವಯರು ಕಳಚಿ ನೋಡಿದರು. ಸ್ವಲ್ಪ ತಗ್ಗಿತು, ಗುದ್ದು ಹೋಗಲಿಲ್ಲ. ಕೊನೆಗೆ ಹಿಂದಿನವುಗಳ ಎರಡೆರಡು ವಯರುಗಳನ್ನು ಅದಲುಬದಲು ಮಾಡಿ ಸಿಕ್ಕಿಸಿ, ಪೆಟ್ಟಿಗೆಗಳ ಬದಿ ನಮ್ಮ ಮನೆಗೆ ಮುಖಮಾಡುವಂತೆ ತಿರುಗಿಸಿದರು. ನಾನು ಕಾದೆ. ದೂರದ ಯಾವುದೋ ಮನೆಯ ರೇಡಿಯೋದಷ್ಟು ಕೇಳಿತು. ಇನ್ನೂ ಜೋರು ಮಾಡಿಲ್ಲವೇನೋ ಎಂದು ಹೋಗಿ ನೋಡಿದರೆ, ಅಲ್ಲಿ ಹಾಡು ಎಂದಿನಂತೆ ಗಟ್ಟಿಯಾಗಿಯೇ ಇತ್ತು.

“ಎದುರಿನದ್ದು ಗಾಳಿಯನ್ನು ದೂಡುವಾಗ ಹಿಂದಿನದ್ದು ಎಳೀತದೆ. ಬದಿಯಲ್ಲಿ ಎರಡೂ ಸೇರಿ ಶಬ್ದ ಸಾಯ್ತದೆ,” ಎಂದರು.

ಆದರೆ ಅವರ ಹಾಲ್‌ನಲ್ಲಿ ಹೊಟ್ಟೆಗೆ ತಾಗುತ್ತಿದ್ದ ಗುದ್ದೂ ಸತ್ತಿತ್ತು. ನಿಮ್ಮ ಕುಣಿತ ಹಾಳಾಗುತ್ತದಲ್ಲ ಎಂದೆ.

“ನಾನು ಚಪ್ಪಾಳೆ ತಟ್ತೇನೆ. ಅವರು ಮೊದಲು ನಿದ್ದೆ ಮಾಡ್ಲಿ ಮಾರಾಯ್ತಿ.”

ಅಂದು ಸಂಜೆ ಆಚೆ ಚಪ್ಪಾಳೆ ಕೇಳುತ್ತಿತ್ತು. ಈಚೆ ಇವರು ಗೊರಕೆ ಹೊಡೆಯುತ್ತಿದ್ದರು. ನಾನು ಬಾಗಿಲ ಬಳಿ ಕುಳಿತು, ಮಧ್ಯಾಹ್ನ ಬಡಿಸಿಕೊಂಡು ಹಾಗೆಯೇ ಬಿಟ್ಟಿದ್ದ ಗಂಜಿಯನ್ನು ಪೂರ್ತಿ ಉಂಡೆ.

ಆ ಮದುವೆಗಳೆಲ್ಲ ಮುಗಿಯುವವರೆಗೂ ಬಾಯಮ್ಮ ಕೈ ತಟ್ಟಿಯೇ ಕಲಿಸಿದರು. ಮಳೆ ಹಿಡಿಯುವ ಹೊತ್ತಿಗೆ ಇವರು ಗುಣವಾದರು. ತಾವೇ ಹೋಗಿ, “ವಯರು ಮೊದಲಿನ ಹಾಗೆ ಮಾಡಿ ಬಾಯಮ್ಮ” ಎಂದರು. ಅವರಿಗೆ ನಂಬಿಕೆಯಿಲ್ಲ. ಇವರನ್ನು ಕೋಣೆಗೆ ಕಳಿಸಿ, ಹೆದರುತ್ತಲೇ ಹಾಡು ಹಾಕಿದರು. ಇವರು ಕಿಟಕಿಯಿಂದ ಕೈ ಹೊರಹಾಕಿ, ಇನ್ನೂ ಜೋರು ಎಂದು ಸನ್ನೆ ಮಾಡಿದರು. ಅಡುಗೆಮನೆಯ ಪಾತ್ರೆಗಳು ಗಡಗಡ ಎಂದವು. ನನಗೆ ನಗು ತಡೆಯಲಾಗಲಿಲ್ಲ.

ಕೆಲವು ವರ್ಷಗಳ ನಂತರ ಬಾಯಮ್ಮ ನಿದ್ದೆಯಲ್ಲಿಯೇ ಹೋದರು, ನರಳಲಿಲ್ಲ. ಅವರಿಂದ ಕಲಿತ ಜೋಡಿಗಳು ಮಕ್ಕಳನ್ನು ಎತ್ತಿಕೊಂಡು ಬಂದಿದ್ದವು. ಚರ್ಚಿಗೆ ಒಯ್ಯುವಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ನಮ್ಮನೆಯವರೂ ಒಬ್ಬರು. ಇಗರ್ಜಿಯ ಇಳಿಜಾರಿನಲ್ಲಿ ಇವರ ಕಾಲು ತಪ್ಪೀತೆಂದು ನಾನು ಹಿಂದೆಯೇ ನಡೆದೆ. ತಪ್ಪಲಿಲ್ಲ.